ಆ ನಲ್ಲಿಗಳನ್ನು ಬಿಚ್ಚುವ ಮೊದಲು

ಸೋಂಕು ನಿಗಾ ವಿಭಾಗದ ಮುಖ್ಯಾಧಿಕಾರಿಗಳೇ,

ನಗರದ ಸರ್ಕಾರಿ ಹೆರಿಗೆ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿರುವ ಹಳೆಯ ಸಿಂಕುಗಳು, ನಲ್ಲಿಗಳು ಮತ್ತು ಕೊಳವೆಗಳನ್ನು ಮುಂದಿನ ಗುರುವಾರದಿಂದ ಕಿತ್ತು ಗುಜರಿಗೆ ಹಾಕಲಾಗುತ್ತದೆ. ಈ ವಿಷಯ ತಿಳಿಸಿದವರು ಆಸ್ಪತ್ರೆಯ ಅಧೀಕ್ಷಕರು. ಪ್ರಕಟಿಸಿದ್ದು ನಾನು ಪ್ರೂಫ್ ತಿದ್ದುವ ಇದೇ ದಿನಪತ್ರಿಕೆ, ಐದನೇ ಪುಟದ ಕೆಳಗೆ, ಒಂದೇ ಕಾಲಂನಲ್ಲಿ. ಆ ಸುದ್ದಿಯಲ್ಲಿ ಇಲ್ಲದಿದ್ದ ಒಂದು ಸಂಗತಿಯನ್ನು ಇಲ್ಲಿ ಸೇರಿಸುತ್ತಿದ್ದೇನೆ. ಆ ನಲ್ಲಿಗಳ ಪೈಕಿ ಒಂದನ್ನೂ ಇದುವರೆಗೆ ಯಾರೂ ಪರೀಕ್ಷಿಸಿಲ್ಲ. ನನ್ನ ಮಗ ಸತ್ತ ಮೇಲೂ ಪರೀಕ್ಷಿಸಿಲ್ಲ. ಪರೀಕ್ಷಿಸಿ ಎಂದು ನಾನು ನಿಮಗೆ ಬರೆದುಕೊಂಡ ಮೇಲೂ ಪರೀಕ್ಷಿಸಿಲ್ಲ.

ಸುದ್ದಿ ನನ್ನ ಮೇಜಿಗೆ ಬಂದಾಗ ಅದರ ತಲೆಬರಹ ‘ಶಿಶು ಘಟಕಕ್ಕೆ ಹೊಸ ರೂಪ’ ಎಂದಿತ್ತು. ‘ಸುಸಜ್ಜಿತ’ ಎಂಬ ಪದ ಎರಡು ಸಲ ಬಂದಿತ್ತು, ಒಂದನ್ನು ಹೊಡೆದು ಹಾಕಿದೆ. ‘ಅತ್ಯಾಧುನಿಕ’ದ ಒತ್ತಕ್ಷರ ಬಿದ್ದುಹೋಗಿತ್ತು, ಕೂಡಿಸಿದೆ. ಪ್ರೂಫ್ ತಿದ್ದುವವನ ಅಧಿಕಾರ ಅಲ್ಲಿಗೆ ಮುಗಿಯುತ್ತದೆ. ಎದುರಿನ ಕುರ್ಚಿಯಲ್ಲಿ ಕೂರುವ ಹಿರಿಯ ಸಹೋದ್ಯೋಗಿ ನಮ್ಮ ಪತ್ರಿಕೆಯ ಪದಬಂಧ ಸಿದ್ಧಪಡಿಸುವವರು. ನಾನು ಕಾಗದ ಹಿಡಿದು ಸುಮ್ಮನೆ ಕುಳಿತದ್ದನ್ನು ನೋಡಿ ಕೇಳಿದರು.

“ಏನಯ್ಯಾ, ಅಂಗೈಯಗಲದ ಸುದ್ದಿಗೆ ಇಷ್ಟು ಹೊತ್ತಾ? ಮಹಾಕಾವ್ಯ ಏನಾದ್ರೂ ಬಂದಿದ್ಯಾ?”

“ಅದೇ ವಾರ್ಡು” ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಂಗಾದ್ರೆ ಇಲ್ಲಿ ಕೊಡು, ನಾನು ನೋಡ್ತೀನಿ.”

“ನೋಡಾಯ್ತು.”

“ತಪ್ಪೇನಾದ್ರೂ ಇತ್ತಾ?”

“ಅಕ್ಷರದ್ದು ಎರಡು.”

ಅವರು ಕನ್ನಡಕವನ್ನು ಮತ್ತೆ ಏರಿಸಿಕೊಂಡು ಹೇಳಿದರು: “ಕೂತು ಬರಿ. ಉದ್ದಕ್ಕೇ ಬರಿ. ಜಾಗ ಇಲ್ಲ ಅಂತ ಸಂಪಾದಕರು ರಾಗ ಎಳೆದ್ರೆ ನನ್ನ ಪದಬಂಧ ಕಿತ್ತಾಕ್ಲಿ. ಒಂದಿನ ಜನ ತಲೆ ಕೆರ್ಕೊಳ್ದೆ ಇದ್ರೆ ಯಾರ ಗಂಟೂ ಹೋಗಲ್ಲ.”

ಇವತ್ತು ಪದಬಂಧ ಕಾಣದೆ ಬೇಸರಗೊಂಡ ಓದುಗರು ಅವರನ್ನು ಬಿಟ್ಟು ನನ್ನನ್ನೇ ಬೈದುಕೊಳ್ಳಲಿ. ನಿಮ್ಮ ಕಚೇರಿಯಿಂದ ನನಗೆ ಬಂದಿರುವ ಉತ್ತರವೂ ಒಂದು ಪದಬಂಧವೇ ಆಗಿರುವುದರಿಂದ ಓದುಗರಿಗೆ ಪೂರ್ತಿ ನಷ್ಟವಾಗಲಾರದು.

ಮೊದಲು ನಡೆದದ್ದನ್ನು ಹೇಳುತ್ತೇನೆ. ನನ್ನ ಹೆಂಡತಿಗೆ ಅವಧಿಗೆ ಮುನ್ನವೇ ಅವಳಿ ಮಕ್ಕಳು ಹುಟ್ಟಿದವು. ಮೊದಲು ಹೆಣ್ಣು, ಹಿಂದೆಯೇ ಗಂಡು. ಹುಡುಗಿ ತೂಕದಲ್ಲಿ ಮೇಲು. ಎರಡನೇ ದಿನಕ್ಕೇ ಬಾಯಿ ಹಾಕಿ ತಾಯಿಯ ಹಾಲು ಎಳೆದು ಕುಡಿಯಲು ಕಲಿತಳು. ಹುಡುಗನಿಗೆ ಅಷ್ಟು ಶಕ್ತಿ ಇರಲಿಲ್ಲ. ತಾಯಿಯ ಹಾಲನ್ನೇ ಹಿಂಡಿ ತೆಗೆದು ಮೂತಿಯಿರುವ ಒಂದು ಪುಟ್ಟ ಸ್ಟೀಲ್ ಬಟ್ಟಲಿನಿಂದ ಹನಿಹನಿಯಾಗಿ ಕುಡಿಸಬೇಕಿತ್ತು. ಹಣೆಯ ತುಂಬ ಸುಕ್ಕು ಕಟ್ಟಿಕೊಂಡು, ಊಟ ಸರಿಯಿಲ್ಲವೆಂದು ಮುನಿಸಿಕೊಂಡ ಹಿರಿಯರ ಹಾಗೆ ಮುಖ ಮಾಡುತ್ತಿದ್ದ. ಆ ಘಟಕದ ಹಿರಿಯ ದಾದಿ, ಎಲ್ಲರೂ ದೊಡ್ಡಕ್ಕ ಎಂದು ಕರೆಯುವವರು, ಅವನಿಗೆ ಚಿಕ್ಕಪ್ಪ ಎಂದು ಹೆಸರಿಟ್ಟರು. “ಚಿಕ್ಕಪ್ಪ ಎದ್ರಾ? ಚಿಕ್ಕಪ್ಪ ಇವತ್ತು ಬಟ್ಟಲು ಖಾಲಿ ಮಾಡಿದ್ರಾ? ಇಲ್ವಾ? ಅಡುಗೆ ಹಿಡಿಸ್ಲಿಲ್ಲ ಅನ್ಸುತ್ತೆ.” ನನ್ನ ಹೆಂಡತಿ ಹೆರಿಗೆಯಾದ ಮೇಲೆ ಮೊದಲ ಸಲ ನಕ್ಕದ್ದು ಈ ಮಾತಿಗೆ.

ಘಟಕದ ಒಳಗೆ ತಂದೆಯಂದಿರಿಗೆ ಪ್ರವೇಶವಿಲ್ಲ. ನಾನು ಗಾಜಿನ ಈಚೆ ನಿಂತು ನೋಡುತ್ತಿದ್ದೆ. ನೋಡುವುದೇ ನನ್ನ ಕಸುಬಾಗಿರುವುದರಿಂದ ಚೆನ್ನಾಗಿಯೇ ನೋಡಿದ್ದೇನೆ. ಬಾಗಿಲ ಪಕ್ಕ ಕೈ ತೊಳೆಯುವ ಸಿಂಕುಗಳ ಸಾಲು. ಪ್ರತಿ ನಲ್ಲಿಯ ಬಾಯಿಗೂ ನೀರು ಚಿಮ್ಮದಂತೆ ಸಣ್ಣ ಜಾಲರಿ. ಅದರ ಆಚೆ ಬಟ್ಟಲುಗಳನ್ನು ಕುದಿಸುವ ಪಾತ್ರೆ. ತಾಯಂದಿರು ಕೈ ತೊಳೆದು, ಒರೆಸಿಕೊಂಡು, ಪಾತ್ರೆಯಿಂದ ಇಕ್ಕಳದಲ್ಲಿ ಬಟ್ಟಲನ್ನು ಎತ್ತುತ್ತಿದ್ದರು. ಇಷ್ಟರವರೆಗೆ ಎಲ್ಲವೂ ಗೋಡೆಯ ಮೇಲಿನ ಸೂಚನಾ ಫಲಕದಲ್ಲಿ ಇದ್ದಂತೆಯೇ ನಡೆಯುತ್ತಿತ್ತು. ಆದರೆ ಕುದಿಯುವ ನೀರಿನಿಂದ ತೆಗೆದ ಬಟ್ಟಲು ಬಿಸಿಯಿರುತ್ತದೆ. ಎಳೆ ತುಟಿಗೆ ತಾಗಿದರೆ ಸುಡುತ್ತದೆ. ಮಗು ಹಸಿದು ಅಳುತ್ತಿರುತ್ತದೆ. ಹಾಗಾಗಿ ಆ ಘಟಕದಲ್ಲಿ ಒಂದು ರೂಢಿ ಬೆಳೆದಿತ್ತು. ಕುದಿಸಿದ ಬಟ್ಟಲನ್ನು ಕೈ ತೊಳೆಯುವ ನಲ್ಲಿಯ ಕೆಳಗೆ ಹಿಡಿದು ತಣಿಸುವುದು. ಹೊಸ ತಾಯಿಗೆ ಪಕ್ಕದ ಹಾಸಿಗೆಯ ತಾಯಿ ಕಲಿಸುತ್ತಿದ್ದಳು, ಅವಳಿಗೆ ಅದಕ್ಕೂ ಮುಂಚಿನವಳು ಕಲಿಸಿರುತ್ತಿದ್ದಳು. ಮೊಣಕೈಗೆ ಬಟ್ಟಲು ತಾಗಿಸಿ ಬಿಸಿ ನೋಡಿ, ಮತ್ತೆ ನೀರಿಗೆ ಹಿಡಿದು, ಮತ್ತೆ ನೋಡುತ್ತಿದ್ದರು. ಅಜಾಗರೂಕರು ಹೀಗೆ ಮಾಡುವುದಿಲ್ಲ. ಮಗುವಿನ ತುಟಿ ಸುಟ್ಟೀತೆಂದು ಹೆದರುವವರು ಮಾತ್ರ ಹೀಗೆ ಮಾಡುತ್ತಾರೆ. ಕುದಿಸಿ ಗಳಿಸಿದ ಶುದ್ಧಿ ನಲ್ಲಿಯ ಕೆಳಗೆ ಹೋಗುತ್ತಿದೆ ಎಂದು ಅವರಿಗೆ ಹೇಳಿದವರಿಲ್ಲ. ನನಗೂ ಆಗ ಹೊಳೆಯಲಿಲ್ಲ.

ಎರಡನೇ ವಾರದಲ್ಲಿ ಚಿಕ್ಕಪ್ಪ ಬಟ್ಟಲಿಗೆ ಬಾಯಿ ತೆರೆಯುವುದನ್ನು ನಿಲ್ಲಿಸಿದ. ಮೈ ತಣ್ಣಗಾಯಿತು. ಅಳುವಿನ ಧ್ವನಿ ಬದಲಾಯಿತು. ತೆಳ್ಳಗೆ, ಎತ್ತರಕ್ಕೆ, ಗಾಜಿನ ಈಚೆಗೂ ಕೇಳುವಂತಾಯಿತು. ನೆತ್ತಿಯ ಮೆದು ಭಾಗ ಉಬ್ಬಿತ್ತು. ವೈದ್ಯರು ಬೆನ್ನಿನಿಂದ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಗೆ ತಗಲಿದ ಸೋಂಕು, ಎಂದರು. ನವಜಾತ ಶಿಶುಗಳಿಗೆ ಎಲ್ಲೆಡೆ ಮೊದಲು ಕೊಡುವ ಔಷಧಗಳನ್ನೇ ಕೊಟ್ಟರು. ಪ್ರಯೋಗಾಲಯದಲ್ಲಿ ಒಂದು ಬ್ಯಾಕ್ಟೀರಿಯಾ ಬೆಳೆಯಿತು. ಆದರೆ ಅದು ಮಗುವಿನದ್ದಲ್ಲ, ಮಾದರಿ ತೆಗೆಯುವಾಗ ಹೊರಗಿನಿಂದ ಸೇರಿಕೊಂಡಿರಬೇಕು ಎಂಬ ಅಭಿಪ್ರಾಯ ಬಂತು. ಕಾರಣ, ಅಂಥ ಬ್ಯಾಕ್ಟೀರಿಯಾ ಮಕ್ಕಳಲ್ಲಿ ಬಲು ಅಪರೂಪ. ಇನ್ನೊಮ್ಮೆ ದ್ರವ ತೆಗೆದರು. ಮತ್ತೆ ಅದೇ ಬೆಳೆಯಿತು. ಅದಕ್ಕೊಂದು ಉದ್ದನೆಯ ಹೆಸರಿದೆ. ಅದನ್ನು ಮೊದಲು ವಿವರಿಸಿದ ಮಹಿಳಾ ವಿಜ್ಞಾನಿಯ ನೆನಪಿಗೆ ಇಟ್ಟದ್ದಂತೆ. ನಿಮಗೆ ಅದು ಗೊತ್ತು, ಓದುಗರಿಗೆ ಬೇಕಿಲ್ಲ. ಗೊತ್ತಿರಬೇಕಾದದ್ದು ಇಷ್ಟು: ಅದು ಮಣ್ಣು, ನೀರು, ತೇವದಲ್ಲಿ ಬದುಕುತ್ತದೆ. ಬೇರೆ ಬೇರೆ ದೇಶಗಳ ಆಸ್ಪತ್ರೆಗಳಲ್ಲಿ ಸಿಂಕಿನಲ್ಲಿ, ನಲ್ಲಿಯಲ್ಲಿ ಸಿಕ್ಕಿದೆ. ನವಜಾತ ಶಿಶುಗಳಿಗೆ ಮೊದಲು ಕೊಡುವ ಔಷಧಗಳಿಗೆ ಅದು ಸಾಮಾನ್ಯವಾಗಿ ಬಗ್ಗುವುದಿಲ್ಲ. ವೈದ್ಯರು ಔಷಧ ಬದಲಿಸಿದರು. ಅಷ್ಟರಲ್ಲಿ ತಡವಾಗಿತ್ತು.

ವೈದ್ಯರ ಮೇಲೆ ನನಗೆ ದೂರಿಲ್ಲ. ಅಪರೂಪದ್ದನ್ನು ಮೊದಲೇ ಊಹಿಸಲು ಅವರೇನು ಜ್ಯೋತಿಷಿಗಳೇ? ಆದರೆ ಕೊನೆಯ ದಿನ ಕಿರಿಯ ವೈದ್ಯರೊಬ್ಬರು ನನ್ನ ಹೆಂಡತಿಗೆ, “ಕೆಲವು ಸಲ ತಾಯಿಯಿಂದಲೂ ಬರುತ್ತಮ್ಮಾ, ನಿಮಗೆ ಹೆರಿಗೆ ಹೊತ್ತಲ್ಲಿ ಜ್ವರ ಇತ್ತಾ?” ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಜ್ವರ ಇರಲಿಲ್ಲ. ವೈದ್ಯರು ಮುಂದಿನ ಹಾಸಿಗೆಗೆ ಹೋದರು. ಪ್ರಶ್ನೆ ಮಾತ್ರ ನಮ್ಮ ಜೊತೆ ಮನೆಗೆ ಬಂತು.

ನಮ್ಮ ಮನೆ ಎರಡು ಕೋಣೆಯದು. ಮೂರನೇ ಮಹಡಿ. ಮಕ್ಕಳಿಗೆಂದು ತಂದ ತೊಟ್ಟಿಲು ಇಬ್ಬರು ಮಲಗುವಷ್ಟು ಅಗಲದ್ದು. ಮಗಳಿಗೆ ಈಗ ಎಂಟು ತಿಂಗಳು. ಇಷ್ಟಗಲದ ತೊಟ್ಟಿಲಲ್ಲೂ ಒಂದು ಪಕ್ಕಕ್ಕೇ ಒತ್ತಿಕೊಂಡು ಮಲಗುತ್ತಾಳೆ. ಅವಳನ್ನು ಮಧ್ಯಕ್ಕೆ ಸರಿಸುವುದನ್ನು ನಾವು ಬಿಟ್ಟಿದ್ದೇವೆ. ನೋಡಲು ಬಂದವರು ಒಂದೇ ಮಾತು ಹೇಳಿದರು. ನನ್ನ ಅತ್ತೆ ಹೇಳಿದರು, ಕೆಳಗಿನ ಮನೆಯವರು ಹೇಳಿದರು: “ಒಂದಾದ್ರೂ ಉಳೀತಲ್ಲ, ಅದನ್ನ ನೋಡ್ಕೊಂಡು ಸಮಾಧಾನ ಮಾಡ್ಕೊಳ್ಳಿ.” ಲೆಕ್ಕ ಹಾಕಿ ಸಮಾಧಾನ ಹೇಳಿದರೂ ಅವರು ಒಳ್ಳೆಯವರು. ಆಮೇಲೆ ಬರುವುದು ಕಡಿಮೆಯಾಯಿತು. ನನ್ನ ಹೆಂಡತಿಯೂ ಹೊರಗೆ ಹೋಗುವುದನ್ನು ನಿಲ್ಲಿಸಿದಳು. ಮಗಳಿಗೆ ಹಾಲು ಕೊಡುವ ಮೊದಲು ಪ್ರತಿ ಸಲ ಕೈ ತೊಳೆಯುತ್ತಾಳೆ. ತೊಳೆದು, ಒರೆಸಿ, ಮತ್ತೆ ತೊಳೆಯುತ್ತಾಳೆ. ಬೆರಳ ಗಿಣ್ಣುಗಳು ಬಿರಿದಿವೆ. ನಾವಿಬ್ಬರೂ ಒಂದೇ ಕೋಣೆಯಲ್ಲಿ ಕುಳಿತು ಗೋಡೆಗೆ ಹಾಕಿದ ಗಡಿಯಾರದ ಸದ್ದು ಕೇಳುವ ಸಂಜೆಗಳು ಬಹಳ ಇವೆ. ಅವಳು ಯೋಚಿಸುವುದು ಏನೆಂದು ನನಗೆ ಗೊತ್ತು, ನಾನು ಯೋಚಿಸುವುದು ಅವಳಿಗೂ ಗೊತ್ತು. ಹಾಗಾಗಿ ಇಬ್ಬರೂ ಮಾತಾಡುವುದಿಲ್ಲ.

ನಲ್ಲಿಗಳನ್ನು ಪರೀಕ್ಷಿಸಿ ಎಂದು ಬರೆದುಕೊಂಡ ಪತ್ರದ ಹಿಂದೆಯೇ ನಾನು ನಿಮ್ಮ ಕಚೇರಿಗೆ ಬಂದದ್ದು ಈ ಕಾರಣಕ್ಕೆ. ಒಬ್ಬನೇ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕ ಅಧಿಕಾರಿ ಸೌಜನ್ಯದಿಂದ ಮಾತಾಡಿದರು, ಕುರ್ಚಿ ತೋರಿಸಿದರು, ಫ್ಯಾನಿನ ವೇಗವನ್ನೂ ಹೆಚ್ಚಿಸಿದರು.

“ನಿಮ್ಮ ದುಃಖ ಅರ್ಥ ಆಗುತ್ತೆ ಸರ್. ಆದ್ರೆ ಇದು ಒಂಟಿ ಪ್ರಕರಣ” ಎಂದರು.

“ಹಾಗಂದ್ರೆ?”

“ಒಂದೇ ವಾರ್ಡಲ್ಲಿ, ಹತ್ತಿರ ಹತ್ತಿರದ ಅವಧಿಯಲ್ಲಿ ಎರಡು ಪ್ರಕರಣ ಬಂದ್ರೆ ನಾವು ತಂಡ ಕಳಿಸ್ತೀವಿ. ನೀರು, ನಲ್ಲಿ, ಸಿಂಕು ಎಲ್ಲಾ ಪರೀಕ್ಷೆ ಮಾಡ್ತೀವಿ. ಒಂದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ.”

“ಅಂದ್ರೆ ಇನ್ನೊಂದು ಮಗು ಬೇಕು.”

“ಹಾಗಲ್ಲ ಸರ್, ನೀವು ತಪ್ಪು ತಿಳ್ಕೋಬಾರ್ದು.”

ಮಾನ್ಯರೇ, ಇದರಲ್ಲಿ ತಪ್ಪು ತಿಳಿಯಲು ಜಾಗ ಎಲ್ಲಿದೆ? ಮೊದಲ ಮಗು ಸತ್ತರೆ ಅದು ದುರದೃಷ್ಟ, ಎರಡನೆಯದು ಸತ್ತರೆ ಮಾಹಿತಿ. ಇದೇ ತಾನೇ ನಿಯಮ? ನನ್ನ ಮಗ ಮೊದಲನೆಯವನಾದದ್ದು ಅವನ ತಪ್ಪು. ಸ್ವಲ್ಪ ತಾಳ್ಮೆಯಿಂದ ಎರಡನೆಯವನಾಗಿದ್ದರೆ ಅವನಿಗಾಗಿ ಒಂದು ತಂಡವೇ ಹೊರಡುತ್ತಿತ್ತು.

ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಎರಡನೆಯ ಪ್ರಕರಣ ಬಂದರೆ ನಿಮಗೆ ತಿಳಿಯುವುದು ಹೇಗೆ? ಅವರು ಪ್ರಾಮಾಣಿಕರು, ನಿಜ ಹೇಳಿದರು. ಈ ಬ್ಯಾಕ್ಟೀರಿಯಾ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಾಣುಗಳ ಪಟ್ಟಿಯಲ್ಲಿ ಇಲ್ಲ. ಆಸ್ಪತ್ರೆಗಳು ಅದನ್ನು ‘ಇತರೆ’ ಎಂದು ತಿಳಿಸಿದರೆ ಸಾಕು. ಯಾಕೆ ಸೇರಿಸಿಲ್ಲ? ಪ್ರಕರಣಗಳು ತೀರಾ ಕಡಿಮೆ. ಕಡಿಮೆ ಎಂದು ಹೇಗೆ ಗೊತ್ತು? ವರದಿಯೇ ಬರುವುದಿಲ್ಲವಲ್ಲ. ನಾನು ಮೂವತ್ತು ವರ್ಷ ವಾಕ್ಯಗಳನ್ನು ತಿದ್ದಿದ್ದೇನೆ. ತನ್ನ ಬಾಲವನ್ನು ತಾನೇ ನುಂಗುವ ವಾಕ್ಯಗಳನ್ನು ಬೇಕಾದಷ್ಟು ಕಂಡಿದ್ದೇನೆ. ಅಂಥದ್ದೊಂದರ ಮೇಲೆ ಇಡೀ ಇಲಾಖೆ ಕುಳಿತದ್ದನ್ನು ಕಂಡದ್ದು ಇದೇ ಮೊದಲು.

ಆದ್ದರಿಂದ ನೀವು ಹುಡುಕದೇ ಇರುವ ಎರಡನೆಯ ಪ್ರಕರಣವನ್ನು ನಾನೇ ಹುಡುಕಲು ಹೋದೆ. ಪತ್ರಿಕೆಯ ಪ್ರಕಟಣೆಗಳ ಅಂಕಣದಲ್ಲಿ ಎರಡು ಸಾಲು ಹಾಕಿಸಿದೆ. ನವಜಾತ ಮಗುವಿಗೆ ಅಪರೂಪದ ಮೆನಿಂಜೈಟಿಸ್ ಆಗಿದ್ದರೆ ದಯವಿಟ್ಟು ಸಂಪರ್ಕಿಸಿ ಎಂದು. ಕರೆ ಬಂದದ್ದು ಒಂದೇ. ವಯಸ್ಸಾದ ಹೆಂಗಸಿನ ಧ್ವನಿ. ಶಾಲೆಯೊಂದರಲ್ಲಿ ಹೊಲಿಗೆ ಕಲಿಸುತ್ತಿದ್ದರಂತೆ, ಈಗ ನಿವೃತ್ತರು.

“ನಮ್ಮ ಮಗೂಗೆ ಏನಾಗಿತ್ತು ಅಂತ ಯಾರೂ ಹೇಳ್ಲಿಲ್ಲಪ್ಪ. ತಲೆಗೆ ಏರ್ತು ಅಂದ್ರು ಅಷ್ಟೆ. ನಲವತ್ತು ವರ್ಷದ ಮೇಲಾಯ್ತು. ನಿಮಗೆ ಉಪಯೋಗ ಆಗಲ್ಲ, ಅಲ್ವಾ?”

“ಇಲ್ಲಮ್ಮ, ಹೇಳಿ.”

“ಏನಿಲ್ಲ. ಪೇಪರಲ್ಲಿ ನೋಡ್ದೆ. ಯಾರೋ ಕೇಳ್ತಿದಾರಲ್ಲ ಅನ್ನಿಸ್ತು. ಇಷ್ಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ.”

ಅವರು ಬಹಳ ಹೊತ್ತು ಮಾತಾಡಿದರು. ಮಗುವಿನ ಕಿವಿ ತಮ್ಮ ತಂದೆಯ ಕಿವಿಯ ಹಾಗಿತ್ತು ಎಂದರು. ಕೊನೆಗೆ, “ನಿಮ್ಮ ಹೆಂಡತಿ ಹತ್ರ ಮಾತಾಡ್ಲಾ?” ಎಂದು ಕೇಳಿದರು. ನಾನು ಫೋನು ಅವಳ ಕಡೆ ಚಾಚಿದೆ. ಅವಳು ತಲೆಯಾಡಿಸಿ ಬೇಡವೆಂದಳು. ಆ ಅಮ್ಮನ ಮಗು ನಿಮ್ಮ ನಿಯಮದ ಪ್ರಕಾರ ಎರಡನೆಯ ಪ್ರಕರಣವಲ್ಲ, ನನಗೆ ಗೊತ್ತು. ಬೇರೆ ಊರು, ಬೇರೆ ಕಾಲ, ರೋಗವೂ ಬೇರೆ ಇರಬಹುದು. ಅದೂ ಒಂಟಿ ಪ್ರಕರಣವೇ.

ಈಗ ವಾದಕ್ಕೆ ಬರುತ್ತೇನೆ. ನನ್ನ ಹತ್ತಿರ ಪುರಾವೆ ಇದೆ ಎಂದು ನಾನು ಹೇಳುತ್ತಿಲ್ಲ. ಸಂದೇಹಕ್ಕೆ ಕಾರಣವಿದೆ ಎಂದಷ್ಟೇ ಹೇಳುತ್ತಿದ್ದೇನೆ. ಇಬ್ಬರು ಮಕ್ಕಳು, ಒಬ್ಬಳೇ ತಾಯಿ, ಒಂದೇ ಹೆರಿಗೆ, ಒಂದೇ ಹಾಲು, ಒಂದೇ ವಾರ್ಡು. ಒಬ್ಬಳು ನೇರವಾಗಿ ಕುಡಿದಳು, ಇನ್ನೊಬ್ಬ ಬಟ್ಟಲಿನಿಂದ ಕುಡಿದ. ಒಬ್ಬಳಿಗೆ ನೆಗಡಿಯೂ ಆಗಲಿಲ್ಲ. ಇನ್ನೊಬ್ಬನ ಬೆನ್ನಿನ ದ್ರವದಲ್ಲಿ ಸಿಂಕಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಎರಡು ಸಲ ಸಿಕ್ಕಿತು. ಅವನು ಕಡಿಮೆ ತೂಕದವನು, ದುರ್ಬಲ, ಅವನ ಮೈಗೆ ಸೂಜಿ ಕೊಳವೆಗಳಿದ್ದವು, ಆದ್ದರಿಂದ ಬೇರೆ ದಾರಿಯಲ್ಲೂ ಬಂದಿರಬಹುದು ಎಂದು ನಿಮ್ಮ ಸಹಾಯಕರು ಹೇಳಿದರು. ಒಪ್ಪುತ್ತೇನೆ. ನಲ್ಲಿ ನಿರಪರಾಧಿಯೂ ಆಗಿರಬಹುದು. ಆದರೆ ನಿರಪರಾಧಿ ಎಂದು ಬಿಡುವ ಮೊದಲು ಒಮ್ಮೆ ವಿಚಾರಿಸುವುದು ವಾಡಿಕೆಯಲ್ಲವೇ? ಜಾಲರಿ ಬಿಚ್ಚಿ, ಒಳಗಿನ ಲೋಳೆಯನ್ನು ಹತ್ತಿಯ ಕಡ್ಡಿಯಲ್ಲಿ ಒರೆಸಿ ಪ್ರಯೋಗಾಲಯಕ್ಕೆ ಕಳಿಸಲು ಒಂದು ಮುಂಜಾನೆ ಸಾಕು. ಸಿಕ್ಕಿದರೆ, ಅದು ನನ್ನ ಮಗನದ್ದೇ ತಳಿಯೋ ಅಲ್ಲವೋ ಎಂದು ಹೋಲಿಸಲು ಪ್ರಯೋಗಾಲಯದವರು ಅವನ ಮಾದರಿಯನ್ನು ಇನ್ನೂ ಶೀತಲ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅದನ್ನು ನಾನು ವಿಚಾರಿಸಿಕೊಂಡಿದ್ದೇನೆ. ಹೋಲಿಕೆಯ ಒಂದು ಅರ್ಧ ಅಲ್ಲಿದೆ. ಇನ್ನೊಂದು ಅರ್ಧವನ್ನು ಆಸ್ಪತ್ರೆಯವರು ಗುರುವಾರ ಗುಜರಿಗೆ ಹಾಕುತ್ತಿದ್ದಾರೆ. ಹೊಸ ರೂಪ ಕೊಡುವ ಉತ್ಸಾಹದಲ್ಲಿ.

ಸುದ್ದಿ ಬಂದ ಮರುದಿನ ಆಸ್ಪತ್ರೆಗೆ ಹೋಗಿ ದೊಡ್ಡಕ್ಕನನ್ನು ಕಂಡೆ. ಮಕ್ಕಳನ್ನೆಲ್ಲ ಆಗಲೇ ಮೇಲಿನ ಮಹಡಿಯ ತಾತ್ಕಾಲಿಕ ಕೋಣೆಗೆ ಸಾಗಿಸಿದ್ದರು. ಅವರು ಮೆಟ್ಟಿಲ ಹತ್ತಿರ ನಿಂತು ಮಾತಾಡಿದರು.

“ನಮ್ಮನ್ನ ಸಿಕ್ಕಿಸ್ಬೇಡಿ ಸರ್. ನಾಲ್ಕು ಜನ ಮಾಡೋ ಕೆಲಸ ಇಬ್ಬರು ಮಾಡ್ತಿದೀವಿ.”

“ನಿಮ್ಮ ಮೇಲೆ ಬರೆಯಲ್ಲ ದೊಡ್ಡಕ್ಕಾ. ಬಟ್ಟಲು ಈಗ ಹೇಗೆ ಆರಿಸ್ತೀರಿ?”

ಅವರು ನನ್ನ ಮುಖವನ್ನೇ ನೋಡಿದರು. “ಹೇಗೆ ಅಂದ್ರೆ? ಅದೇ ಥರ. ನಲ್ಲಿಗೆ ಹಿಡೀತಾರೆ. ಮೇಲೂ ನಲ್ಲಿ ಇದ್ಯಲ್ಲ.”

ಮಾತು ಮುಗಿಯುವ ಮೊದಲೇ ಅವರಿಗೆ ಅದು ಹೊಳೆಯಿತು. “ಚಿಕ್ಕಪ್ಪಂಗೆ ಇದ್ರಿಂದ್ಲೇ ಅಂತೀರಾ?” ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎನ್ನುವುದು ನಿಜವೇ ಆದರೂ, ಆ ಕ್ಷಣದಲ್ಲಿ ಅದು ಅವರಿಗೆ ಕೊಡಬಹುದಾದ ಉತ್ತರವಾಗಿರಲಿಲ್ಲ. ಅಂದಿನಿಂದ ತಮ್ಮ ಪಾಳಿಯಲ್ಲಿ ಬಟ್ಟಲುಗಳನ್ನು ಒಗೆದ ಬಟ್ಟೆಯ ಮೇಲೆ ಬೋರಲು ಹಾಕಿ ಗಾಳಿಗೆ ಆರಿಸುತ್ತಿದ್ದಾರಂತೆ. ಉಳಿದ ಪಾಳಿಗಳಲ್ಲಿ ಏನು ನಡೆಯುತ್ತಿದೆಯೋ ಅವರಿಗೆ ತಿಳಿಯದು. ಆ ಪಾಳಿಗಳವರಿಗೆ ಹೇಳಲು ನಿಮ್ಮ ಕಚೇರಿಯಿಂದ ಒಂದು ಸುತ್ತೋಲೆ ಬೇಕು. ಹೊಸ ಸಿಂಕು, ಹೊಸ ನಲ್ಲಿ, ಹೊಸ ಟೈಲ್ಸ್ ಹಾಕಿ ಅದೇ ರೂಢಿಯನ್ನು ಒಳಗೆ ಬಿಟ್ಟುಕೊಂಡರೆ, ಹೊಸ ಜಾಲರಿಯಲ್ಲಿ ಲೋಳೆ ಕಟ್ಟುವುದಕ್ಕೆ ಉದ್ಘಾಟನೆಯ ದಿನಾಂಕ ಬೇಕಾಗುವುದಿಲ್ಲ.

ಈ ಪತ್ರ ಬರೆಯುವ ಮೊದಲು ಹೆಂಡತಿಯ ಅನುಮತಿ ಕೇಳಿದೆ. ಬಟ್ಟಲನ್ನು ತಣಿಸಿದ ಕೈ ಅವಳದ್ದು. ಇದನ್ನು ಪತ್ರಿಕೆಯಲ್ಲಿ ಬರೆದರೆ ಊರಿಗೆಲ್ಲ ತಿಳಿಯುತ್ತದೆ, ಪರೀಕ್ಷೆಯಲ್ಲಿ ನಲ್ಲಿಯೇ ಕಾರಣ ಎಂದು ಬಂದರೆ ಅವಳು ಅದನ್ನೂ ಹೊರಬೇಕಾಗುತ್ತದೆ. ಮಗಳ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ನೀರಿಂದ ಬಂದಿದ್ರೂ ನನ್ನ ಕೈಯಿಂದ್ಲೇ ಹೋಯ್ತು. ನನ್ನ ಮೈಯಿಂದ ಬಂದಿದ್ರೂ ನನ್ನಿಂದ್ಲೇ. ನಂಗೆ ಎರಡೂ ಒಂದೇ ಅಂತ ಅನ್ಕೊಂಡಿದೀರಾ?” ಎಂದಳು.

“ಒಂದೇ ಅಲ್ವಾ?”

“ಅಲ್ಲ. ಮೈಯಿಂದ ಬಂದಿದ್ರೆ ನಾನೇನೂ ಮಾಡೋಕಾಗಲ್ಲ, ಇವಳನ್ನ ಎತ್ಕೊಳ್ಳೋಕೂ ಹೆದರ್ಕೋತಾ ಇರ್ಬೇಕು. ನೀರಿಂದ ಬಂದಿದ್ರೆ ಇನ್ನೊಬ್ಬಳಿಗೆ ಹೇಳ್ಬಹುದು, ಹಾಗೆ ಮಾಡ್ಬೇಡ ಕಣೇ ಅಂತ.”

ಎಂಟು ತಿಂಗಳಲ್ಲಿ ಅವಳು ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು. ಅವಳ ಪಕ್ಕದಲ್ಲೇ ಕುಳಿತಿದ್ದರೂ, ಮಗಳನ್ನು ಎತ್ತಿಕೊಳ್ಳಲು ಅವಳು ಹೆದರುತ್ತಿದ್ದಾಳೆಂದು ನನಗೆ ತಿಳಿದಿರಲಿಲ್ಲ.

ಮಾನ್ಯರೇ, ನಾನು ಪರಿಹಾರ ಕೇಳುತ್ತಿಲ್ಲ. ಯಾರನ್ನೂ ಅಮಾನತು ಮಾಡಿ ಎನ್ನುತ್ತಿಲ್ಲ. ಸಿಂಕುಗಳನ್ನು ಕಳಚುವ ಮೊದಲು ನಿಮ್ಮ ತಂಡ ಬಂದು ಪ್ರತಿ ನಲ್ಲಿಯ ಜಾಲರಿಯಿಂದ, ಪ್ರತಿ ಸಿಂಕಿನ ಬಾಯಿಯಿಂದ ಮಾದರಿ ತೆಗೆಯಲಿ, ಅದನ್ನು ನನ್ನ ಮಗನ ಮಾದರಿಯ ಜೊತೆ ಹೋಲಿಸಲಿ. ಫಲಿತಾಂಶ ಏನೇ ಬರಲಿ, ಅದನ್ನು ನನ್ನ ಹೆಂಡತಿಗೆ ಒಬ್ಬ ವೈದ್ಯರು ಎದುರು ಕುಳಿತು ಹೇಳಲಿ. ಕುದಿಸಿದ ಬಟ್ಟಲನ್ನು ನಲ್ಲಿ ನೀರಿಗೆ ಹಿಡಿಯಬಾರದೆಂದು ಎಲ್ಲ ಹೆರಿಗೆ ಆಸ್ಪತ್ರೆಗಳಿಗೂ ನಾಳೆಯೇ ತಿಳಿಸಿ. ಅದಕ್ಕೆ ಪ್ರಯೋಗಾಲಯದ ಫಲಿತಾಂಶಕ್ಕಾಗಿ ಕಾಯಬೇಕಿಲ್ಲ. ಮತ್ತು ನವಜಾತ ಶಿಶುವಿನ ಬೆನ್ನಿನ ದ್ರವದಲ್ಲಿ ಇಂಥ ಬ್ಯಾಕ್ಟೀರಿಯಾ ಒಂದೇ ಒಂದು ಸಲ ಕಂಡರೂ ವರದಿ ಮಾಡುವುದನ್ನು ಕಡ್ಡಾಯಗೊಳಿಸಿ. ಒಂದು ಎಂಬುದೂ ಸಂಖ್ಯೆಯೇ.

ನಿಮ್ಮ ಕಚೇರಿಯಲ್ಲಿ ಸಾರ್ವಜನಿಕರ ಭೇಟಿಗೆ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಸಮಯ ಕೊಟ್ಟಿದ್ದೀರಿ. ನಾನೂ ನನ್ನ ಹೆಂಡತಿಯೂ ಬರುತ್ತೇವೆ. ಮಗಳನ್ನು ಬಿಟ್ಟು ಬರಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಅವಳನ್ನು ಅವಳ ತಾಯಿ ಎತ್ತಿಕೊಂಡು ಬರುತ್ತಾಳೆ.

ಇಂತಿ,
ನಿಮ್ಮ ನಿಯಮಕ್ಕೆ ಒಂದು ಕಡಿಮೆ ಬಿದ್ದವನ ತಂದೆ